ಬಾಡಿಗೆ ಚಿಕ್ಕಮ್ಮ

"ಬಂತಾಯ್ ಯಾರು?" ಕಿಟಕಿಯಾಚೆಯ ಹುಡುಗಿ ಎರಡನೆಯ ಸಲ ಕೇಳಿದಳು.

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ತುಂಬಿದೀನಲ್ಲಮ್ಮ," ಎಂದಳು ಡೆಲ್ಫಿನಾ.

"ಅದೊಂದೇ ಮುಖ್ಯ, ಮನಾಂಗ್," ಎಂದಳು ಹುಡುಗಿ, ಅಕ್ಕ ಎನ್ನುವ ದನಿಯಲ್ಲಿ. "ವಯಸ್ಸನ್ನ ಎಲ್ರೂ ಸುಳ್ಳೇ ಬರೀತಾರೆ, ನಾವೇನೂ ಕೇಳಲ್ಲ. ಬಂತಾಯ್ ಹೆಸರಿಲ್ದೆ ತಾರೀಕು ಕೊಡೋ ಹಾಗಿಲ್ಲ."

ಇಲೋಯಿಲೊದ ಆಸ್ಪತ್ರೆಗಳಲ್ಲಿ ಉಸಿರಿಲ್ಲದೆ ಬಂದವರನ್ನು ಒಳಗೆ ಬಿಡುತ್ತಾರೆ, ಬಂತಾಯ್ ಇಲ್ಲದೆ ಬಂದವರನ್ನು ಬಿಡುವುದಿಲ್ಲ. ಹಾಸಿಗೆಯ ಪಕ್ಕ ಕಾವಲು ಕೂರಲು, ಔಷಧಿ ಅಂಗಡಿಗೆ ಓಡಲು, ಬಾಟಲಿ ಖಾಲಿಯಾದರೆ ನರ್ಸನ್ನು ಕೂಗಲು, ಏನೂ ಇಲ್ಲದಿದ್ದರೆ ಬೀಸಣಿಗೆ ಬೀಸಲಾದರೂ ಪ್ರತಿ ರೋಗಿಯ ಜೊತೆ ಮನೆಯದೊಂದು ಜೀವ ಬರಬೇಕು. ಇದನ್ನು ಯಾರೂ ನಿಯಮವೆಂದು ತಿಳಿದಿಲ್ಲ. ಮನುಷ್ಯನಿಗೆ ನೆರಳಿರುವಷ್ಟೇ ಸಹಜವಾಗಿ ರೋಗಿಗೆ ಬಂತಾಯ್ ಇರುತ್ತಾನೆ. ಐವತ್ತೆರಡು ವರ್ಷದ ಡೆಲ್ಫಿನಾ ನೋಬ್ಲೆಸಾ ಹುಟ್ಟಿ ಬೆಳೆದದ್ದು ಇದೇ ಊರಿನ ಮೋಲೊದಲ್ಲಿ. ಆದರೂ ತನಗೆ ನೆರಳಿಲ್ಲವೆಂಬ ಸಂಗತಿ ಯಾರಾದರೂ ಫಾರಂ ಮುಂದಿಟ್ಟು ಕೇಳುವವರೆಗೆ ಅವಳ ಗಮನಕ್ಕೆ ಬಂದಿರಲಿಲ್ಲ.

"ಒಡಹುಟ್ಟಿದೋರು?"

"ಅಣ್ಣ ಇದಾನೆ, ದವಾವೊದಲ್ಲಿ. ಮಾತಿಲ್ಲ."

"ಹಲ್ಲಿನ ನೆಪದಲ್ಲಿ ಮಾತು ಶುರು ಮಾಡ್ಬೋದಿತ್ತು," ಎಂದು ಹುಡುಗಿ ಫಾರಂ ವಾಪಸು ತಳ್ಳಿದಳು. "ಮುಂದಿನೋರು ಬನ್ನಿ."

ಹಲ್ಲು ಕೆಳಗಿನ ಬಲಗಡೆಯದು. ಮುರಿದು ನಾಲ್ಕು ತಿಂಗಳಾಗಿತ್ತು, ಕೀವು ತುಂಬಿ ಕೆನ್ನೆ ಊದುವುದು ಇಳಿಯುವುದು ನಡೆದೇ ಇತ್ತು. ಮಾರ್ಚಿನಲ್ಲಿ ಒಮ್ಮೆ ದಂತವೈದ್ಯ ಪಲ್ಮಾರೆಸ್ ಅವರ ಕುರ್ಚಿಯಲ್ಲಿ ಕೂತೂ ಆಗಿತ್ತು. ಸೂಜಿ ಇನ್ನೂ ತಟ್ಟೆಯಲ್ಲೇ ಇತ್ತು. ಅಷ್ಟರಲ್ಲಿ ಡೆಲ್ಫಿನಾಳ ಕುತ್ತಿಗೆ ಕೆಂಪೇರಿ, ತೋಳಿನ ತುಂಬ ದದ್ದೆದ್ದು, ಎದೆ ಬಿಗಿದು, ಅವಳು ಕುರ್ಚಿಯಿಂದ ನೆಲಕ್ಕೆ ಜಾರಿದ್ದಳು. ಅವಳನ್ನು ಮಲಗಿಸಿದ್ದು ಯಾವ ಔಷಧಿಯೂ ಅಲ್ಲ, ಹೆದರಿಕೆ.

ಕಾಯಿಲೆ ಇಪ್ಪತ್ತು ವರ್ಷ ಹಳೆಯದು. ಮೈಯಲ್ಲಿ ಮಾಸ್ಟ್ ಕೋಶಗಳೆಂಬುವು ಇರುತ್ತವೆ, ಕಳ್ಳ ಬಂದಾಗ ಗಂಟೆ ಬಾರಿಸುವುದು ಅವುಗಳ ಕೆಲಸ. ಡೆಲ್ಫಿನಾಳ ಮೈಯಲ್ಲಿ ಅವು ಸಂಖ್ಯೆಯಲ್ಲೂ ಹೆಚ್ಚು, ಉತ್ಸಾಹದಲ್ಲೂ ಹೆಚ್ಚು. ಬೆಕ್ಕು ಹಾದರೂ ಗಂಟೆ, ಎಲೆ ಬಿದ್ದರೂ ಗಂಟೆ. ಬಿಸಿಲು, ಅತ್ತರು, ಕೆಲವು ನೋವಿನ ಮಾತ್ರೆ, ಒಣಮೀನಿನ ಹೊಗೆ, ಅಳು, ಒಮ್ಮೊಮ್ಮೆ ನಗು ಕೂಡ. ಹೀಗಾಗಿ ಅವಳು ಅಳುವುದನ್ನೂ ನಗುವುದನ್ನೂ ಮಿತದಲ್ಲಿಟ್ಟುಕೊಂಡು, ತಾಯಿ ಸತ್ತ ಹತ್ತೊಂಬತ್ತು ವರ್ಷಗಳಿಂದ ಸಂತರ ವಿಗ್ರಹಗಳಿಗೆ ಉಡುಪು ಹೊಲಿಯುತ್ತ ಒಂಟಿಯಾಗಿ ಬದುಕಿದ್ದಳು. ಸಂತರು ಒಳ್ಳೆಯ ಗಿರಾಕಿಗಳು. ಅವರು ಪೌಡರು ಹಾಕುವುದಿಲ್ಲ, ದಪ್ಪಗಾಗುವುದಿಲ್ಲ, ತೋಳು ಬಿಗಿಯಾಯಿತೆಂದು ತಕರಾರು ಮಾಡುವುದಿಲ್ಲ. ತಕರಾರು ಮಾಡುವವರು ಆ ವಿಗ್ರಹಗಳನ್ನು ಮನೆಯಲ್ಲಿಟ್ಟುಕೊಂಡ ಯಜಮಾನಿಯರು. ಅವರು ಅತ್ತರು ಪೂಸಿಕೊಂಡು ಬರುತ್ತಿದ್ದುದರಿಂದ ಅಳತೆಯ ಚೀಟಿಯನ್ನು ಗೇಟಿನ ಪೆಟ್ಟಿಗೆಯಲ್ಲೇ ಹಾಕಿ ಹೋಗುವ ಏರ್ಪಾಡಾಗಿತ್ತು.

"ನೋಡಿ, ಈ ಸಲ ನಿಮಗೆ ಹೆದರೋದಕ್ಕೆ ಪುರುಸೊತ್ತೇ ಕೊಡಲ್ಲ," ಎಂದಿದ್ದರು ಪಲ್ಮಾರೆಸ್. ಆಸ್ಪತ್ರೆಯಲ್ಲಿ ಮಂಪರಿನ ಔಷಧಿ ಕೊಡುವ ಡಾಕ್ಟರರ ಮುಂದೆಯೇ ಹಲ್ಲು ಕೀಳುವುದೆಂದು ನಿಶ್ಚಯವಾಗಿತ್ತು. ಹಿಂದಿನ ರಾತ್ರಿಯೂ ಬೆಳಿಗ್ಗೆಯೂ ಅಲರ್ಜಿಯ ಮಾತ್ರೆ, ಆಮೇಲೆ ನರಕ್ಕೆ ಮಂಪರು, ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧ. "ಆದ್ರೆ ಅಲ್ಲೀವರೆಗೆ ಹೆದರ್ಕೋಬೇಡಿ."

"ಹೆದರ್ಕೋಬೇಡಿ ಅಂದ್ರೇನೇ ಹೆದರಿಕೆ ಆಗೋದು, ಡಾಕ್ಟ್ರೇ."

"ಹಾಗಾದ್ರೆ ನಿಜ ಹೇಳ್ತೀನಿ. ಇನ್ನೊಂದು ತಿಂಗಳು ಬಿಟ್ರೆ ಕೀವು ಮೂಳೆಗಿಳಿಯುತ್ತೆ. ಆಗ ನಾನಲ್ಲ, ದವಡೆ ಕುಯ್ಯೋರು ಬೇಕಾಗ್ತಾರೆ. ಮಂಪರು ಇಳಿಯೋವಾಗ ಕಣ್ಣಿಟ್ಟಿರೋಕೆ ಮನೆಯೋರೊಬ್ರನ್ನ ಕರ್ಕೊಂಡು ಬನ್ನಿ. ಇಷ್ಟೇ ನಿಮ್ಮ ಕೆಲಸ."

ಆ ಕೆಲಸವೇ ಆಗಲಿಲ್ಲ. ಪಕ್ಕದ ಮನೆಯ ಶಿಕ್ಷಕಿ ಬರುತ್ತೇನೆಂದಳು. ಅವಳ ತಲೆಯೆಣ್ಣೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ಬರುತ್ತಿತ್ತು. ಸಂತ ವೆರೋನಿಕಾಳ ವಿಗ್ರಹದ ಯಜಮಾನಿ ತನ್ನ ಡ್ರೈವರನ್ನು ಕಳಿಸುತ್ತೇನೆಂದಳು, ಅವನ ಬಾಯಲ್ಲಿ ಸಿಗರೇಟು ಆರಿದ್ದೇ ಇಲ್ಲ. ಚರ್ಚಿನ ಮರಿಯಾ ಸಂಘದ ಹೆಂಗಸರು ಡೆಲ್ಫಿನಾಳಿಗಾಗಿ ಒಂಬತ್ತು ದಿನದ ಪ್ರಾರ್ಥನೆ ಹಿಡಿಯಲು ತಕ್ಷಣ ಒಪ್ಪಿದರು. ಆಸ್ಪತ್ರೆಯಲ್ಲಿ ಹಲ್ಲು ಕೀಳುವ ದಿನವಾದ ಮಂಗಳವಾರ ಬೆಳಿಗ್ಗೆ ಮಾತ್ರ ಯಾರಿಗೂ ಬಿಡುವಿರಲಿಲ್ಲ.

ಆಸ್ಪತ್ರೆಗೆ ಮೂರನೆಯ ಸಲ ಅಲೆದು ಬರಿಗೈಯಲ್ಲಿ ಹೊರಟಾಗ ಗೇಟಿನ ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿ, ಗಲ್ಲದಿಂದ ಮರದ ಕಡೆ ತೋರಿಸಿದ. "ಅಲ್ಲಿ ಕೂತಿದಾಳಲ್ಲ, ಮನಾಂಗ್ ಪಾನಿಂಗ್. ಅವಳನ್ನ ಕೇಳಿ. ನಾನು ಹೇಳ್ದೆ ಅನ್ಬೇಡಿ, ನನಗೂ ಅವಳೇ ದೊಡ್ಡಮ್ಮ ಆಗಿದ್ಲು, ಅಪೆಂಡಿಕ್ಸ್ ತೆಗೆದಾಗ."

ಮಳೆಮರದ ಬುಡದಲ್ಲಿ ಚಾಪೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅರವತ್ತು ದಾಟಿದ ಗುಂಡನೆಯ ಹೆಂಗಸೊಬ್ಬಳು ಬಸ್ಸಿಗೆ ಕಾದವಳಂತೆ ಕೂತಿದ್ದಳು. ಮೂವತ್ತೊಂದು ವರ್ಷದಿಂದ ಅವಳ ವೃತ್ತಿ ಇದೇ. ಮಕ್ಕಳು ದೂರದಲ್ಲಿರುವವರಿಗೆ, ಮಕ್ಕಳು ಹತ್ತಿರವೇ ಇದ್ದೂ ಬಾರದವರಿಗೆ ಬಂತಾಯ್ ಆಗುವುದು. ಆಸ್ಪತ್ರೆಯವರು ಸಂಬಂಧಿಕರೇ ಆಗಬೇಕೆನ್ನುತ್ತಿದ್ದರು, ಪಾನಿಂಗ್ ಸಂಬಂಧಿಕಳಾಗುತ್ತಿದ್ದಳು. ಹಣದ ಮಾತು ಒಂದೇ ನಿಮಿಷದಲ್ಲಿ ಮುಗಿಯಿತು; ಸಂಬಂಧದ ಮಾತಿಗೆ ಅರ್ಧ ಗಂಟೆ ಹಿಡಿಯಿತು.

"ಏನಾಗ್ಲಿ ಹೇಳು, ಇಂದಾಯ್," ಎಂದಳು ಪಾನಿಂಗ್, ಮನೆಯ ಹುಡುಗಿಯನ್ನು ಕರೆಯುವಂತೆ. "ತಾಯಿ ಅಂದ್ರೆ ನಂಬಲ್ಲ, ನನ್ನ ಮೂಗು ನೋಡು, ನಿನ್ನ ಮೂಗು ನೋಡು. ಅತ್ತೆ ಆಗೋಣ ಅಂದ್ರೆ ನಿನಗೆ ಗಂಡ ಇಲ್ಲ. ಅಕ್ಕ ಆಗ್ಬೋದು, ಆದ್ರೆ ಅಕ್ಕಂದಿರ ಮಾತು ಡಾಕ್ಟ್ರು ಕೇಳಲ್ಲ. ಚಿಕ್ಕಮ್ಮ ಆಗ್ತೀನಿ. ನಿಮ್ಮಮ್ಮನ ಕೊನೇ ತಂಗಿ. ಹೆಸರೇನು ನಿಮ್ಮಮ್ಮಂದು?"

"ಪುರೀಸಿಮಾ."

"ಅಯ್ಯೋ ಪಾಪ, ಪುರೀಸಿಂಗ್! ಹೇಗ್ ಹೋದ್ಲು ನಮ್ಮಕ್ಕ?"

"ಕಿಡ್ನಿ," ಎಂದಳು ಡೆಲ್ಫಿನಾ. ಪಾನಿಂಗಳ ಕಣ್ಣು ನಿಜವಾಗಿಯೂ ತುಂಬಿಕೊಂಡಿತ್ತು. ಕಸುಬಿನವರ ಶ್ರದ್ಧೆ ಎಂದುಕೊಂಡು ಡೆಲ್ಫಿನಾ ಬೇರೆ ಕಡೆ ನೋಡಿದಳು.

ಆಮೇಲೆ ಕೈಚೀಲದಿಂದ ರಟ್ಟಿನ ಚೀಟಿಯೊಂದನ್ನು ತೆಗೆದು ಕೊಟ್ಟಳು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹನ್ನೊಂದು ನಿಯಮಗಳಿದ್ದವು. ಪಾನಿಂಗ್ ಕನ್ನಡಕ ಏರಿಸಿ, ಪ್ರಾರ್ಥನೆ ಓದುವವಳಂತೆ ಗಟ್ಟಿಯಾಗಿ ಓದಿದಳು.

"ಅತ್ತರು ಹಾಕಬಾರದು. ಪೌಡರು ಹಾಕಬಾರದು. ಸರಿ, ನಮ್ಮಂಥೋರಿಗೆ ಯಾಕೆ. ಹೂವು ತರಬಾರದು. ಸತ್ತಿಲ್ಲ ಅಂದ್ಮೇಲೆ ಹೂವು ಯಾಕೆ ತರಲಿ? ಬಿಸಿ ಸಾರು ಕೊಡಬಾರದು. ಕಿತ್ತಳೆ ಕೊಡಬಾರದು. ಒಣಮೀನು ತಿಂದು ಬರಬಾರದು…" ಇಲ್ಲಿ ಅವಳು ನಿಂತಳು. "ಬೆಳಿಗ್ಗೆ ಒಂದು ಹೊತ್ತು ಬಿಡಬೋದು. ಆಮೇಲೆ? ಕೇಳದೆ ನೋವಿನ ಮಾತ್ರೆ ಕೊಡಬಾರದು. ನಗಿಸಬಾರದು. ಇದೇನೇ, ನಗಿಸಬಾರದು?"

"ಜಾಸ್ತಿ ನಕ್ಕರೂ ಆಗುತ್ತೆ."

"ಎಂಥ ಕಾಯಿಲೆ ತಾಯಿ ಇದು! ನಮ್ಮ ಹಳೇ ಪಾದ್ರಿಗಳಿಗೆ ಇತ್ತೋ ಏನೋ." ಅವಳು ಚೀಟಿಯನ್ನು ಮಡಚದೆ ರವಿಕೆಯೊಳಗಿಟ್ಟುಕೊಂಡಳು. "ಹನ್ನೊಂದೂ ಬಾಯಿಪಾಠ ಮಾಡ್ಕೊಂಡು ಬರ್ತೀನಿ, ನೋಡ್ತಿರು."

ಮಂಗಳವಾರ ಅವಳು ಮಾಡಿಕೊಂಡೇ ಬಂದಿದ್ದಳು. ಬರೀ ನೀರಿನಲ್ಲಿ ಮಿಂದಿದ್ದಳು, ಸೋಪು ಹಾಕದೆ ಒಗೆದ ಅಂಗಿ ತೊಟ್ಟಿದ್ದಳು, ಹೊಟ್ಟೆಗೆ ಬರೀ ಅನ್ನ. ಫಾರಂನಲ್ಲಿ ಚಿಕ್ಕಮ್ಮ ಎಂದು ಬರೆದು ಸಹಿ ಹಾಕುವಾಗ ಕಿಟಕಿಯ ಹುಡುಗಿ, "ಹೋದ ವಾರ ನೀವು ಆ ಪೆಟ್ರೋಲ್ ಪಂಪಿನ ಮಾಲೀಕರಿಗೆ ಅತ್ತಿಗೆ ಆಗಿದ್ರಲ್ಲ?" ಎಂದಳು. ಪಾನಿಂಗ್ ತಲೆಯೆತ್ತಲಿಲ್ಲ. "ದೊಡ್ಡ ಕುಟುಂಬ ಕಣಮ್ಮ ನಮ್ಮದು."

ಮುಂದಿನದು ಡೆಲ್ಫಿನಾ ನಾಲ್ಕು ತಿಂಗಳು ಹೆದರಿದ್ದಕ್ಕೆ ಅವಮಾನವಾಗುವಷ್ಟು ಸಲೀಸಾಗಿ ನಡೆದುಹೋಯಿತು. ಕೈಗೆ ಸೂಜಿ ಚುಚ್ಚುವಾಗ ಎದೆ ಒಮ್ಮೆ ಹಾರಿತು, ಕುತ್ತಿಗೆ ಬಿಸಿಯಾಯಿತು. ಮಂಪರಿನ ಡಾಕ್ಟರು, "ನೀವು ಹೊಲಿಯೋ ಅಂಗಿಗಳಲ್ಲಿ ಕಷ್ಟದ್ದು ಯಾವುದು?" ಎಂದು ಕೇಳಿದರು. "ಸಂತ ಲೂಸಿಯಾದು," ಎಂದಳು ಡೆಲ್ಫಿನಾ, "ತೋಳು ಮುಂದಕ್ಕೆ ಚಾಚಿರುತ್ತಲ್ಲ, ಕೈ ತೂರಿಸೋಕೆ…" ಕೈ ಎಲ್ಲಿಗೆ ತೂರಿಸಬೇಕೆಂದು ಹೇಳುವುದರೊಳಗೆ ಹೆದರಿಕೆ ಎನ್ನುವುದು ಯಾರೋ ಬೇರೆಯವರ ಮನೆಯ ವಿಷಯವಾಗಿತ್ತು. ದೂರದಲ್ಲೆಲ್ಲೋ ಗೂಟ ಕಿತ್ತ ಶಬ್ದ. "ಬಂತು," ಎಂದರು ಪಲ್ಮಾರೆಸ್. ಒಂದು ದದ್ದೂ ಏಳಲಿಲ್ಲ.

ಎಚ್ಚರವಾಗುವ ಕೋಣೆಯಲ್ಲಿ ಆರು ಹಾಸಿಗೆ, ಆರು ಬಂತಾಯ್‌ಗಳು. ಡೆಲ್ಫಿನಾ ನೀರಿನ ತಳದಿಂದ ಮೇಲೆ ಬರುವವಳಂತೆ ನಿಧಾನವಾಗಿ ಬಂದಳು. ಮೊದಲು ಕೇಳಿಸಿದ್ದು ತನ್ನ ಹಲ್ಲುಗಳ ಕಟಕಟ. ಮೈ ನಡುಗುತ್ತಿತ್ತು, ಮಂಪರು ಇಳಿಯುವಾಗ ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದರು. "ನಾನಾಯ್," ಎಂದು ಯಾರೋ ತಾಯಿಯನ್ನು ಕರೆಯುತ್ತಿದ್ದರು. ಅದು ತನ್ನದೇ ದನಿಯೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

"ಅಯ್ಯಯ್ಯೋ, ಕಾಲು ನೋಡು, ಮಂಜು ಆಗಿದೆ." ಇದು ಪಾನಿಂಗ್. ಪಕ್ಕದ ಹಾಸಿಗೆಯ ಬಂತಾಯ್ ಹೆಂಗಸು ಏನೋ ಅಂದಳು. ಆ ಕೋಣೆಯಲ್ಲಿ ಒಬ್ಬರ ಬೀಸಣಿಗೆ ಎಲ್ಲರ ಬೀಸಣಿಗೆ, ಒಬ್ಬರ ಶೀಶೆ ಎಲ್ಲರ ಶೀಶೆ. ಕೇಳುವ ಮೊದಲೇ ಕೈಯಿಂದ ಕೈಗೆ ದಾಟುತ್ತದೆ. ಪುಟ್ಟ ಮುಚ್ಚಳವೊಂದು ತಿರುಗಿದ ಸದ್ದಾಯಿತು. ಆಮೇಲೆ ಎರಡು ಅಂಗೈಗಳು ಅವಳ ಪಾದಗಳನ್ನು ಹಿಡಿದು ಹಿಮ್ಮಡಿಯಿಂದ ಬೆರಳಿನವರೆಗೆ ಉಜ್ಜತೊಡಗಿದವು.

ಅದು ಹಸಿರು ತೈಲ. ಮೈಕೈ ನೋವಿಗೆ, ಚಳಿಗೆ, ಹೊಟ್ಟೆಯುಬ್ಬರಕ್ಕೆ, ದುಃಖಕ್ಕೆ ಈ ಊರಿನ ಪ್ರತಿ ತಾಯಿಯೂ ಸವರುವ ಕರ್ಪೂರದ ತೈಲ. ಅದನ್ನು ಇಲ್ಲಿ ಯಾರೂ ವಾಸನೆಯ ಪದಾರ್ಥವೆಂದು ಎಣಿಸುವುದಿಲ್ಲ. ಅದು ಅತ್ತರಲ್ಲ, ಪೌಡರಲ್ಲ, ಕೈಯ ಒಂದು ಭಾಗ. ಡೆಲ್ಫಿನಾಳಿಗೆ ಮಂಪರಿನಲ್ಲೂ ಗೊತ್ತಾಯಿತು. ಬೇಡ ಎನ್ನಬೇಕು. ಬೇಡ ಎನ್ನಲು ಬಾಯಲ್ಲಿ ಹತ್ತಿ ಇತ್ತು. ಕೈಯಲ್ಲಿ ಏನೂ ಇರಲಿಲ್ಲ, ಎತ್ತಿ ಆಡಿಸಬಹುದಿತ್ತು. ಹೆಬ್ಬೆರಳು ಪಾದದ ಕಮಾನಿನೊಳಕ್ಕೆ ಒತ್ತಿ ಬಿಟ್ಟಿತು, ಮತ್ತೆ ಒತ್ತಿತು. ಅವಳು ಕಣ್ಣು ಮುಚ್ಚಿ ಇನ್ನೊಂದು ಸಲ ಒತ್ತಲೆಂದು ಕಾದಳು. ಒತ್ತಿತು. ಇನ್ನೊಂದೇ ಸಲ.

ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಪಾದದಿಂದ ಬೆಂಕಿ ಹತ್ತಿ ತೊಡೆಗೆ, ಹೊಟ್ಟೆಗೆ, ಕಿವಿಗೆ. ಗಂಟಲು ಹುರಿ ಎಳೆದ ಚೀಲದ ಬಾಯಿಯಂತೆ ಮುಚ್ಚಿಕೊಂಡಿತು. ಯಂತ್ರ ಕೂಗಿತು, ಓಡುವ ಚಪ್ಪಲಿಗಳು, ಪಾನಿಂಗಳ ಕಿರುಚಾಟ, "ನಾನೇನ್ ಮಾಡ್ದೆ? ನಾನೇನ್ ಮಾಡ್ದೆ?" ತೊಡೆಗೆ ಸೂಜಿ ಇಳಿಯಿತು. ಈ ಸೂಜಿಗೆ ಡೆಲ್ಫಿನಾ ಹೆದರಲಿಲ್ಲ; ಪುರುಸೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಸಿರು ತನ್ನ ದಾರಿ ಹಿಡಿದಿತ್ತು. ಪಲ್ಮಾರೆಸ್ ಹಾಸಿಗೆಯ ಕಾಲ ಬಳಿ ನಿಂತು, ರಟ್ಟಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಓಡಾಟದಲ್ಲಿ ಅದು ನೆಲಕ್ಕೆ ಬಿದ್ದಿತ್ತಂತೆ.

"ಕಿತ್ತಳೆ ಇದೆ, ಹೂವಿದೆ, ನಗು ಕೂಡ ಇದೆ. ಮೈ ಉಜ್ಜಬಾರದು ಅನ್ನೋದು ಎಲ್ಲಿ? ನಿಮ್ಮ ಕಾಯಿಲೆಗೆ ಮೊದಲನೇ ಸಾಲೇ ಅದಾಗಬೇಕಿತ್ತಲ್ಲ. ತೈಲ ಇಲ್ದೆ ಬರೀ ಉಜ್ಜಿದ್ರೂ ದದ್ದೇಳುತ್ತೆ. ಹೇಗ್ ಮರೆತ್ರಿ?"

ಡೆಲ್ಫಿನಾ ಚಾವಣಿ ನೋಡಿದಳು. ಮರೆತಿರಲಿಲ್ಲ. ಪ್ರತಿ ನಿಯಮವೂ ಯಾವುದೋ ಒಂದು ದಿನ ಏನೋ ನಡೆದು, ಅದರ ಮಾರನೆಯ ದಿನ ಬರೆದದ್ದು. ಮೈ ಉಜ್ಜುವುದು ಮಾತ್ರ ತಾಯಿ ಸತ್ತ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಇದನ್ನು ಹತ್ತಿ ತುಂಬಿದ ಬಾಯಲ್ಲಿ ಹೇಳುವುದು ಕಷ್ಟ. ಹತ್ತಿ ಇಲ್ಲದ ಬಾಯಲ್ಲೂ ಕಷ್ಟ. ಅವಳು ಭುಜ ಕುಣಿಸಿದಳು.

ನಾಲ್ಕು ಗಂಟೆಗೆ ಮುಖ್ಯ ನರ್ಸ್ ಕಾಗದಗಳನ್ನು ತಂದಳು. ರಾತ್ರಿ ಇಲ್ಲೇ ಇರಿ ಎಂದು ಪಲ್ಮಾರೆಸ್ ಮೊದಲು ಹಟ ಹಿಡಿದಿದ್ದರು. ಆದರೆ ಸಂಜೆ ನೆಲ ಒರೆಸುವ ಫಿನಾಯಿಲು ಬರುವ ಮುಂಚೆ ಮನೆ ಸೇರುವುದೇ ಕ್ಷೇಮ ಎಂದು ಡೆಲ್ಫಿನಾ ಚೀಟಿ ಬರೆದು ಒಪ್ಪಿಸಿದ್ದಳು. ಷರತ್ತು ಒಂದೇ: ನಾಳೆ ಬೆಳಗಿನವರೆಗೆ ಯಾರಾದರೂ ಜೊತೆಗಿದ್ದು, ಉಸಿರು ಮತ್ತೆ ಕಟ್ಟಿದರೆ ಕೂಡಲೇ ಕರೆತರಬೇಕು.

"ಅವಳನ್ನ ಬೆಳಿಗ್ಗೇನೇ ಹೊರಗೆ ಕಳಿಸಿದೀನಿ," ಎಂದಳು ನರ್ಸ್. "ಇನ್ನು ಈ ವಾರ್ಡಿಗೆ ಕಾಲಿಡಬೇಡ ಅಂದಿದೀನಿ. ಆ ಮರದ ಕೆಳಗೆ ಕೂತ್ಕೊಂಡು ಅಳ್ತಾ ಇದಾಳೆ, ಬೆಳಿಗ್ಗೆಯಿಂದ ನೀರೂ ಕುಡಿದಿಲ್ವಂತೆ. ಅವಳು ನಿಮಗೇನೂ ಆಗಲ್ಲ ಅಂತ ನಮಗೆಲ್ಲ ಗೊತ್ತು, ಮೇಡಂ. ನಿಮ್ಮೋರು ನಿಜವಾದೋರು ಯಾರಿದಾರೆ ಹೇಳಿ, ಫೋನ್ ಮಾಡ್ತೀನಿ. ಕಿಟಕಿ ಹುಡುಗಿಗೆ ಹೇಳಿದ್ರಂತಲ್ಲ, ಆ ದವಾವೊ ಅಣ್ಣನಿಗೆ ಮಾಡ್ಲಾ?"

ಡೆಲ್ಫಿನಾ ಬಾಯಿಂದ ಹತ್ತಿಯನ್ನು ತೆಗೆದು, ತಟ್ಟೆಯಲ್ಲಿಟ್ಟು, ಗಲ್ಲ ಒರೆಸಿಕೊಂಡಳು. ನಾಲಗೆ ಇನ್ನೂ ಜೋಮು ಹಿಡಿದಿತ್ತು.

"ಚಿಕ್ಕಮ್ಮ," ಎಂದಳು.

"ಏನು?"

"ನಮ್ಮಮ್ಮನ ಕೊನೇ ತಂಗಿ ಅವಳು. ಕೈ ತೊಳೆಸಿ, ಬಟ್ಟೆ ಬದಲಾಯಿಸಿ ಕಳಿಸಿ."

"ದೊಡ್ಡ ಕುಟುಂಬ ನಿಮ್ಮದು," ಎಂದು ನರ್ಸ್ ಕಾಗದಕ್ಕೆ ಮೊಹರು ಒತ್ತಿದಳು.

ಪಾನಿಂಗಳನ್ನು ರೋಗಿಗಳ ನೀಲಿ ನಿಲುವಂಗಿ ತೊಡಿಸಿ, ಮೊಣಕೈವರೆಗೆ ಕೆಂಪಾಗುವಂತೆ ತಿಕ್ಕಿ ತೊಳೆಸಿ ಕಳಿಸಿದ್ದರು. ಯಾರು ರೋಗಿ ಯಾರು ಬಂತಾಯ್ ಎಂದು ಟ್ಯಾಕ್ಸಿಯವನಿಗೆ ಗೊಂದಲವಾಯಿತು. ದಾರಿಯುದ್ದಕ್ಕೂ ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಳು. ಮೋಲೊ ಬಂದಾಗ ಮಾತ್ರ, "ದುಡ್ಡು ಕೊಡೋದು ಬೇಡ ನೀನು, ಇವತ್ತಿಂದು," ಎಂದಳು. ಡೆಲ್ಫಿನಾ ಟ್ಯಾಕ್ಸಿಯವನಿಗೆ ಮನೆಯ ಗೇಟು ತೋರಿಸಿದಳು. "ಬೈಯಾದ್ರೂ ಬೈಯಿ, ಇಂದಾಯ್." ಉಜ್ಜುವಾಗ ತಾನು ಎಚ್ಚರವಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂದು, ಅಲ್ಲಿ ಜೋಮು ಹಿಡಿದು ನಿಂತಿತು.

ಮನೆಯೊಳಗೆ ಹೊಸಬರೊಬ್ಬರು ಬಂದು ಬಹಳ ವರ್ಷವಾಗಿತ್ತು. ಕೂರಲು ಒಂದೇ ಕುರ್ಚಿ. ಮಿಕ್ಕಿದ್ದೆಲ್ಲ ಸಂತರ ಉಡುಪು ಹೊತ್ತ ಮರದ ಚೌಕಟ್ಟುಗಳು. ಪಾನಿಂಗ್ ಒಂದಕ್ಕೂ ಮೈ ತಾಗದಂತೆ ಗೋಡೆ ಹಿಡಿದು ನಡೆದಳು, ಡೆಲ್ಫಿನಾಳನ್ನು ಕೈ ಹಿಡಿದು ಕೂರಿಸದೆ ಕುರ್ಚಿಯಲ್ಲಿ ಕೂರಲು ಬಾಯಲ್ಲಿ ಹೇಳಿದಳು, ಹೊದಿಕೆಯನ್ನು ತಾನು ಹೊದಿಸದೆ ದೂರದಿಂದ ಚಾಚಿದಳು. ಅಷ್ಟರಲ್ಲಿ ಅವಳ ಹೊಟ್ಟೆ ಗಟ್ಟಿಯಾಗಿ ಗುರುಗುಟ್ಟಿತು. ಇಬ್ಬರೂ ಕೇಳಿಸಿಕೊಂಡರು.

"ತಿನ್ಕೊಂಡು ಬಾ ಹೋಗು," ಎಂದಳು ಡೆಲ್ಫಿನಾ. "ಅಡುಗೆಮನೇಲಿ ಏನೂ ಇಲ್ಲ."

"ಬೀದಿ ಮೂಲೇಲಿ ಒಣಮೀನು ಹುರೀತಿದಾರೆ, ನೋಡ್ದೆ. ಬೇರೇನೂ ಇಲ್ಲ ಅಲ್ಲಿ. ಹೊರಗೇ ತಿಂತೀನಿ. ಕಿಟಕಿ ಮುಚ್ಕೋ, ಬಾಗಿಲು ಮುಚ್ಕೋ. ಗಾಜಿಂದ ಕಾಣ್ತಾ ಇರ್ತೀನಿ, ಏನಾದ್ರೂ ಆದ್ರೆ ಬಡಿ."

ಡೆಲ್ಫಿನಾ ಕಿಟಕಿ ಮುಚ್ಚಿಕೊಂಡಳು. ಬಿಸಿಲು ಇಳಿಯುತ್ತಿತ್ತು. ಪಾನಿಂಗ್ ಬಾಳೆಲೆಯ ಪೊಟ್ಟಣ ಹಿಡಿದು ಬಂದು, ನೀಲಿ ನಿಲುವಂಗಿಯನ್ನು ಮಂಡಿಯ ನಡುವೆ ಒತ್ತರಿಸಿ, ಗೇಟಿನ ಬಳಿಯ ಕಲ್ಲಿನ ಮೇಲೆ ಮನೆಗೆ ಮುಖಮಾಡಿ ಕೂತಳು. ಎಲೆ ಬಿಡಿಸಿದಳು. ಅನ್ನದ ಮೇಲಿಂದ ಮೀನನ್ನು ಮುರಿದು, ಬೆರಳಲ್ಲಿ ಅದುಮಿ ತುತ್ತು ಮಾಡಿದಳು. ಬಾಯ ಹತ್ತಿರ ಒಯ್ದವಳು ತಡೆದು, ತಲೆಯೆತ್ತಿ, ಕಣ್ಣಿಗೆ ಬಿದ್ದವರನ್ನು ಕರೆಯದೆ ಮೊದಲ ತುತ್ತು ನುಂಗಲಾರದ ಈ ಊರಿನ ಎಲ್ಲರಂತೆ, ಗಾಜಿನ ಕಡೆ ಏನೋ ಅಂದಳು. ದನಿ ಒಳಗೆ ಬರಲಿಲ್ಲ. ತುಟಿ ಮಾತ್ರ ಕಂಡಿತು: ಬಾ, ಊಟ ಮಾಡೋಣ.

ಕರೆದವರಿಗೂ ಗೊತ್ತಿರುತ್ತದೆ, ಕರೆಸಿಕೊಂಡವರಿಗೂ ಗೊತ್ತಿರುತ್ತದೆ, ಯಾರೂ ಬರುವುದಿಲ್ಲ. ಆಯ್ತು, ನೀವು ಮಾಡಿ ಎಂದರೆ ಮುಗಿಯಿತು. ಆದರೆ ಅಷ್ಟನ್ನಾದರೂ ಹೇಳಬೇಕು. ಪಾನಿಂಗ್ ತುತ್ತನ್ನು ಎತ್ತಿಕೊಂಡೇ ಕಾಯುತ್ತಿದ್ದಳು.

ಡೆಲ್ಫಿನಾ ಎದ್ದು, ಕುರ್ಚಿಯನ್ನು ಎಳೆದು ತಂದು ಗಾಜಿಗೆ ತಾಗುವಂತೆ ಹಾಕಿ, ಅವಳ ಎದುರಿಗೆ ಕೂತಳು. ಆಮೇಲೆ ಪಾನಿಂಗ್ ಊಟ ಮಾಡಿದಳು.